ತುಂಬಿದಂತೆಯೇ ವಾಪಸಾದ ಲೋಟ

ಅಥವಾ ತಟ್ಟೆಯಲ್ಲಿ ಇದ್ದದ್ದು ಎರಡೇ ಲೋಟ ಇರಬಹುದು. ಮೂರು ಎಂದು ನಾನು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗಲೆಲ್ಲ ಮೂರನೆಯ ಲೋಟದ ಅಂಚಿನ ನೊರೆಯೂ ಕಣ್ಣ ಮುಂದೆ ಬರುತ್ತದೆ. ಆದರೆ ಆ ನೊರೆ ಕುಣಿಗಲ್‌ನ ಆ ಮನೆಯದೋ, ಅದೇ ದಿನ ದಾರಿಯಲ್ಲಿ ಹೆಬ್ಬೂರಿನಲ್ಲಿ ಇಳಿದು ಕುಡಿದ ಕಾಫಿಯದೋ, ಖಚಿತವಾಗಿ ಹೇಳಲಾರೆ. ನನ್ನ ಜೊತೆ ಬಂದಿದ್ದ ಪಿ.ಟಿ. ಮೇಷ್ಟ್ರು ಎರಡೇ ಎನ್ನುತ್ತಾರೆ. ಅವರು ದಿನವೂ ಕಬಡ್ಡಿಯ ಪಾಯಿಂಟು ಎಣಿಸುವವರು. ನಾನು ರಾಜ್ಯಶಾಸ್ತ್ರದವನು.

ಒಂದು ಲೋಟ ಹೆಚ್ಚೋ ಕಡಿಮೆಯೋ ಎಂಬುದು ಯಾಕೆ ಇಷ್ಟು ಮುಖ್ಯ ಎಂದು ಹೇಳಬೇಕಾದರೆ ನಮ್ಮ ಕಾಲೇಜು ಹೇಗೆ ನಡೆಯುತ್ತದೆ ಎಂದು ಮೊದಲು ಹೇಳಬೇಕು.

ನಮ್ಮದು ಗುಬ್ಬಿಯ ಒಂದು ಸಣ್ಣ ಪದವಿ ಕಾಲೇಜು. ಅದನ್ನು ಎರಡು ಸಭೆಗಳು ಆಳುತ್ತವೆ. ಒಂದು ಅಧ್ಯಾಪಕರ ಸಭೆ. ಶನಿವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸೇರುತ್ತದೆ, ಎಲ್ಲರೂ ಮಾತಾಡುತ್ತಾರೆ, ಏನೂ ತೀರ್ಮಾನವಾಗುವುದಿಲ್ಲ. ಇನ್ನೊಂದು ಟ್ರಸ್ಟಿಗಳ ಆಡಳಿತ ಮಂಡಳಿ. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ, ಎಲ್ಲವೂ ತೀರ್ಮಾನವಾಗುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯಿಂದ ಟ್ರಸ್ಟಿಗಳು ಬರುತ್ತಾರೆ. ಜೊತೆಗೆ ಪ್ರಿನ್ಸಿಪಾಲರು, ಮತ್ತು ಅಧ್ಯಾಪಕರ ಪರವಾಗಿ ಒಬ್ಬ. ಆ ಒಬ್ಬ ನಾನು. ನಡಾವಳಿ ಬರೆಯುವ ಕೆಲಸವೂ ನನ್ನದೇ.

ಮಂಡಳಿಯಲ್ಲಿ ಕೈ ಎತ್ತುವುದು ಎಂಬುದಿಲ್ಲ. ಇವರೆಲ್ಲ ಒಬ್ಬರಿಗೊಬ್ಬರು ಬೀಗರು, ತೋಟದ ಬದು ಹಂಚಿಕೊಂಡವರು, ನಾಳೆ ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂರಬೇಕಾದವರು. ಮುಖ ನೋಡಿಕೊಂಡು ‘ಬೇಡ’ ಎನ್ನುವುದು ಹೇಗೆ? ಹಾಗಾಗಿ ಯಾವಾಗಲೋ ಒಂದು ಪದ್ಧತಿ ಬೆಳೆದಿದೆ. ಚಿಲ್ಲರೆ ವಿಷಯಗಳೆಲ್ಲ ಮುಗಿದ ಮೇಲೆ ದೊಡ್ಡ ವಿಷಯ ಬರುತ್ತದೆ. ಅದನ್ನು ಓದಿ ಮುಗಿಸಿದ ಕೂಡಲೇ ಅಧ್ಯಕ್ಷರು “ಸರಿ, ಕಾಫಿ ಬರ್ಲಿ” ಎನ್ನುತ್ತಾರೆ. ಎಲ್ಲರೂ ಕುಡಿದರೆ ಒಪ್ಪಿಗೆ. ಯಾರಾದರೂ ಲೋಟ ಮುಟ್ಟದೆ ಬಿಟ್ಟರೆ ಅವರಿಗೆ ಮನಸ್ಸಿಲ್ಲ ಎಂದರ್ಥ. ಆಗ ಅಧ್ಯಕ್ಷರು “ಮುಂದಿನ ಸಭೇಲಿ ನೋಡೋಣ” ಎಂದು ಎದ್ದುಬಿಡುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ಹೊರಗೆ ಕಾರಿಡಾರಿನಲ್ಲಿ ಅಧ್ಯಾಪಕರು ನಿಂತಿರುತ್ತಾರೆ, ಏನೋ ನೋಟಿಸ್ ಓದುವವರ ಹಾಗೆ. ಅಟೆಂಡರಮ್ಮ ತಟ್ಟೆ ಹಿಡಿದು ಹೊರಗೆ ಬಂದಾಗ ಎಲ್ಲರ ಕಣ್ಣೂ ಅದರ ಮೇಲೆ. ಲೋಟಗಳು ಖಾಲಿಯಿದ್ದರೆ ಕೆಲಸ ಆಯಿತು. ನಡಾವಳಿ ಪುಸ್ತಕಕ್ಕಿಂತ ಅರ್ಧ ಗಂಟೆ ಮೊದಲೇ ಆ ತಟ್ಟೆ ಸುದ್ದಿ ಹೇಳುತ್ತದೆ.

ನಮ್ಮ ಲೈಬ್ರರಿ ಮೇಡಮ್‌ರನ್ನು ಖಾಯಂ ಮಾಡುವ ವಿಷಯ ಎರಡು ಸಭೆಗಳಲ್ಲಿ ಹೀಗೆ ನಿಂತಿತು. ಅವರು ಬೆಳ್ಳಾವಿಯಿಂದ ದಿನಾ ಎರಡು ಬಸ್ ಹತ್ತಿ ಬರುವವರು. ವರ್ಷಗಳಿಂದ ತಾತ್ಕಾಲಿಕ. ಕಪಾಟುಗಳಲ್ಲಿ ಬೀಗ ಹಾಕಿ ಕೂತಿದ್ದ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಟ್ಟವರು ಅವರು. ಅವರು ಬಂದ ಮೇಲೆ ನಮ್ಮ ಹುಡುಗಿಯರು ಬಸ್ಸಿಗೆ ಕಾಯುವ ಹೊತ್ತನ್ನು ಲೈಬ್ರರಿಯಲ್ಲಿ ಕಳೆಯತೊಡಗಿದರು. ಈಗ ತುಮಕೂರಿನ ಒಂದು ಶಾಲೆ ಅವರನ್ನು ಕರೆದಿತ್ತು. ಅಲ್ಲಿಗೆ ಒಂದೇ ಬಸ್. ಅಧ್ಯಾಪಕರ ಸಭೆ, ಅಪರೂಪಕ್ಕೆ, ಒಂದೇ ದನಿಯಲ್ಲಿ ಅವರನ್ನು ಉಳಿಸಿಕೊಳ್ಳಿ ಎಂದಿತ್ತು.

ಎರಡೂ ಸಲ ಲೋಟ ಮುಟ್ಟದೆ ಬಿಟ್ಟವರು ಕುಣಿಗಲ್‌ನ ಡಾಕ್ಟರು. ಮನುಷ್ಯರ ಡಾಕ್ಟರಲ್ಲ, ಕುದುರೆಗಳ ಡಾಕ್ಟರಾಗಿ ನಿವೃತ್ತರಾದವರು. ಅವರ ಅಣ್ಣ ವಯಸ್ಸಾಯಿತೆಂದು ಬಿಟ್ಟ ಜಾಗಕ್ಕೆ ಹೊಸದಾಗಿ ಟ್ರಸ್ಟಿಯಾಗಿ ಬಂದಿದ್ದರು.

“ಒಂದು ಲೋಟ ಹಂಗೇ ಬಂತು ಕಣ್ರಪ್ಪ, ಕೆನೆ ಕಟ್ಟೈತೆ ನೋಡಿ” ಎಂದು ಅಟೆಂಡರಮ್ಮ ಎರಡನೆಯ ಸಲವೂ ತಟ್ಟೆ ತೋರಿಸಿದ ಮೇಲೆ ಸ್ಟಾಫ್ ರೂಮಿನಲ್ಲಿ ಕಾರಣ ಹುಡುಕುವುದು ಶುರುವಾಯಿತು. ಕಾರಣ ಸಿಗಲು ಹೊತ್ತಾಗಲಿಲ್ಲ. ಡಾಕ್ಟರು ಮೊದಲ ಸಲ ಕಾಲೇಜು ನೋಡಲು ಬಂದಾಗ ಲೈಬ್ರರಿಯಿಂದ ಒಂದು ದಪ್ಪ ನಿಘಂಟು ಮನೆಗೆ ಒಯ್ಯಲು ಹೊರಟಿದ್ದರಂತೆ. ಮೇಡಮ್ ಬಿಡಲಿಲ್ಲವಂತೆ.

“ಅದು ಹೊರಕ್ಕೆ ಕೊಡಲ್ಲ ಸಾರ್.”

“ನಾನು ಟ್ರಸ್ಟಿ ಕಣಮ್ಮ.”

“ಇನ್ನೂ ಒಳ್ಳೇದಾಯ್ತಲ್ಲ ಸಾರ್. ಇಲ್ಲೇ ಕೂತ್ಕೊಂಡು ಓದಿ, ಹುಡುಗ್ರು ನಿಮ್ಮನ್ನ ನೋಡಿ ಕಲೀತಾರೆ.”

ಆಮೇಲೆ ಏನಾಯಿತು ಎಂಬುದಕ್ಕೆ ಸ್ಟಾಫ್ ರೂಮಿನಲ್ಲಿ ಎರಡು ಪಾಠಗಳಿವೆ. ಡಾಕ್ಟರು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದರು ಎಂಬುದು ಒಂದು. ಸಂಜೆಯವರೆಗೆ ಕೂತು ಓದಿದರು, ನಡುವೆ ಸ್ವಲ್ಪ ನಿದ್ದೆಯನ್ನೂ ಮಾಡಿದರು ಎಂಬುದು ಮೇಡಮ್ ಹೇಳುವುದು. ಆ ದಿನ ನಾನು ಅಲ್ಲಿರಲಿಲ್ಲ. ಆದರೂ ಅವರ ಕೆಂಪು ಮುಖ ನನಗೆ ಚೆನ್ನಾಗಿ ನೆನಪಿದೆ. ನನ್ನ ನೆನಪಿನ ಯೋಗ್ಯತೆ ಇಷ್ಟು.

ತುಮಕೂರಿನ ಶಾಲೆಯವರು ಉತ್ತರಕ್ಕೆ ಗಡುವು ಕೊಟ್ಟರು. ನಮ್ಮ ಮುಂದಿನ ಸಭೆಯ ದಿನ ಸಂಜೆಯೊಳಗೆ ಹೇಳಬೇಕು.

“ಇನ್ನೊಂದು ಸಲ ಲೋಟ ವಾಪಸ್ ಬಂದ್ರೆ ನಾನು ಫೋನ್ ಮಾಡಿಬಿಡ್ತೀನಿ ಸಾರ್” ಎಂದರು ಮೇಡಮ್. “ಕಾಫಿ ಪುಡಿ ಯಾವುದು ತರ್ಸ್ತೀರೋ ಅದನ್ನಾದ್ರೂ ಬದಲಾಯಿಸಿ ನೋಡಿ.”

ನಗುತ್ತಲೇ ಹೇಳಿದರು. ಆದರೆ ಅವರು ನಗುತ್ತಲೇ ಬೀಗ ಹಾಕಿ ಹೋಗಬಲ್ಲವರು.

ಭಾನುವಾರ ಬೆಳಿಗ್ಗೆ ನಾನೂ ಪಿ.ಟಿ. ಮೇಷ್ಟ್ರೂ ಅವರ ಬೈಕಿನಲ್ಲಿ ಕುಣಿಗಲ್‌ಗೆ ಹೊರಟೆವು. ಮಂಡಳಿಯ ಪದ್ಧತಿಯಲ್ಲಿ ಇದು ದೊಡ್ಡ ತಪ್ಪು. ಲೋಟ ಬಿಟ್ಟವರನ್ನು ಯಾಕೆ ಬಿಟ್ಟಿರಿ ಎಂದು ಕೇಳಬಾರದು.

“ಸಾರ್, ನೀವೇ ಕೇಳಿ” ಎಂದರು ಪಿ.ಟಿ. ಮೇಷ್ಟ್ರು ದಾರಿಯುದ್ದಕ್ಕೂ. “ನಾನು ಕೇಳಿದ್ರೆ ಹೊಡೆಯಕ್ಕೆ ಬಂದವ್ನೆ ಅನ್ಕೊಂಡ್ಬಿಡ್ತಾರೆ.”

ಡಾಕ್ಟರು ಕೆರೆ ಏರಿಯ ಮೇಲೆ ವಾಕಿಂಗ್ ಮುಗಿಸಿ ಬರುತ್ತಿದ್ದರು. ನಮ್ಮನ್ನು ಕಂಡು ಮನೆಗೆ ಕರೆದೊಯ್ದು ಜಗಲಿಯ ಮೇಲೆ ಕೂರಿಸಿದರು. ಅವರ ಹೆಂಡತಿ ಒಳಗಿನಿಂದ ಕಾಫಿ ತಂದರು. ಎರಡು ಲೋಟವೋ ಮೂರೋ ಎಂದೆನಲ್ಲ, ಅದು ಇದೇ ತಟ್ಟೆ.

ನಾನು ಸುತ್ತಿ ಬಳಸಿ ವಿಷಯಕ್ಕೆ ಬಂದೆ. ಡಾಕ್ಟರು ಹುಬ್ಬೇರಿಸಿದರು.

“ಕಾಫಿ ಕುಡೀಲಿಲ್ಲ ಅಂದ್ರೆ ಬೇಡ ಅಂತ ಅರ್ಥವೇನ್ರೀ? ಯಾರ್ರೀ ಮಾಡಿದ್ದು ಈ ರೂಲು?”

“ಯಾರೂ ಮಾಡಿಲ್ಲ ಸಾರ್. ಮೊದಲಿಂದ ಹಂಗೇ ನಡ್ಕೊಂಡು ಬಂದಿದೆ.”

“ಬೈಲಾದಲ್ಲಿ ಇದೆಯಾ?”

“ಬೈಲಾ ನಾನು ಓದಿಲ್ಲ ಸಾರ್.”

“ನೀವು ಕಾಲೇಜಲ್ಲಿ ಏನ್ ಪಾಠ ಮಾಡ್ತೀರಿ?”

“ಸಂವಿಧಾನ, ಸಾರ್.”

ಅವರು ನಕ್ಕ ನಗುವಿಗೆ ಒಳಗಿನಿಂದ ಅವರ ಹೆಂಡತಿ ಮತ್ತೆ ಬಂದು ನೋಡಿದರು. ಪಿ.ಟಿ. ಮೇಷ್ಟ್ರೂ ಆ ಕಡೆ ತಿರುಗಿಕೊಂಡು ನಗುತ್ತಿದ್ದರು, ಅದನ್ನು ನಾನು ಮರೆತಿಲ್ಲ.

“ನಾನು ಕಾಫಿ ಬಿಟ್ಟು ಎಷ್ಟೋ ದಿನ ಆಯ್ತು ಕಣ್ರೀ, ಹೊಟ್ಟೆಗೆ ಆಗಲ್ಲ” ಎಂದರು ಡಾಕ್ಟರು. “ಆ ಲೈಬ್ರರಿ ಹುಡುಗಿ ವಿಷ್ಯಾನ ನೀವೇ ಯಾಕೋ ಮುಂದಕ್ಕೆ ಹಾಕ್ತಾ ಇದೀರಿ ಅನ್ಕೊಂಡಿದ್ದೆ ನಾನು. ಕುದುರೆ ಹುಲ್ಲು ಮುಟ್ಟಲಿಲ್ಲ ಅಂದ್ರೆ ನಾವು ಹೊಟ್ಟೆ ಮುಟ್ಟಿ ನೋಡ್ತಿದ್ವಿ. ಯಜಮಾನನ ಮೇಲೆ ಸಿಟ್ಟು ಅಂತ ಬರ್ಕೊಂಡು ಹೋಗ್ತಿರ್ಲಿಲ್ಲ.”

ಇದೇ ಮಾತನ್ನು ಹೇಳಿದರೇ? ಕುದುರೆಯ ಮಾತು ಹೇಳಿದ್ದು ನಿಜ. ಹೊಟ್ಟೆಗೆ ಆಗಲ್ಲ ಎಂದರೋ ಶುಗರ್ ಎಂದರೋ ಗೊತ್ತಿಲ್ಲ. ಪಿ.ಟಿ. ಮೇಷ್ಟ್ರು ಶುಗರ್ ಎನ್ನುತ್ತಾರೆ.

ವಾಪಸ್ ಬರುವಾಗ ನಮಗೆ ಗೆದ್ದ ಖುಷಿ. ಡಾಕ್ಟರಿಗೆ ಕಾಫಿಯ ಬದಲು ಎಳನೀರು ಕೊಡುವುದು, ಅವರು ಅದನ್ನು ಕುಡಿಯುವುದು, ಕೆಲಸ ಮುಗಿಯಿತು.

ಸಭೆಯ ದಿನ ಬಂತು. ನಾನು ಎಂದಿನಂತೆ ಮನೆಯಲ್ಲೇ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಮೊದಲೇ ಬರೆದುಕೊಂಡು ಹೋಗಿದ್ದೆ. ಇದು ನನ್ನ ಕೆಟ್ಟ ಚಾಳಿ. ಒಪ್ಪಿಗೆ ಸಿಗದಿದ್ದರೆ ಅಲ್ಲೇ ಹೊಡೆದುಹಾಕುತ್ತೇನೆ. ಮೇಡಮ್‌ರ ವಿಷಯದಲ್ಲಿ ಹಾಗೆ ಹೊಡೆದುಹಾಕಿದ ಎರಡು ಸಾಲು ಪುಸ್ತಕದಲ್ಲಿ ಈಗಲೂ ಇವೆ.

ವಿಷಯ ಓದಿದ್ದಾಯಿತು. “ಸರಿ, ಕಾಫಿ ಬರ್ಲಿ” ಎಂದರು ಅಧ್ಯಕ್ಷರು. ಅಟೆಂಡರಮ್ಮ ಲೋಟಗಳ ನಡುವೆ ಒಂದು ಕೆತ್ತಿದ ಎಳನೀರು ಇಟ್ಟುಕೊಂಡು ಬಂದು ಡಾಕ್ಟರ ಮುಂದೆ ಇಟ್ಟರು.

ತುಮಕೂರಿನ ಲಾಯರ್ ಟ್ರಸ್ಟಿ ಕನ್ನಡಕ ಸರಿಮಾಡಿಕೊಂಡರು. “ಇದು ಏನು?”

“ಎಳನೀರು ಸಾರ್” ಎಂದೆ.

“ಅದು ಕಾಣ್ತಾ ಇದೆ. ಇದನ್ನ ಕುಡಿದ್ರೆ ಹೆಂಗೆ ಬರ್ಕೋತೀರಿ? ಕಾಫಿಗೆ ಇರೋ ಅರ್ಥ ಇದಕ್ಕೆ ಹೆಂಗೆ ಬರ್ತದೆ?”

ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದಿದ್ದ ಪದ್ಧತಿಯನ್ನು ಒಬ್ಬರು ಹೇಳಿಬಿಟ್ಟಿದ್ದರು.

“ಕಾಫಿಗೆ ಯಾವ ಅರ್ಥ?” ಎಂದರು ಅಧ್ಯಕ್ಷರು, ಏನೂ ತಿಳಿಯದವರಂತೆ.

“ಅದೇ, ಗೊತ್ತಲ್ಲ.”

“ನಂಗೇನು ಗೊತ್ತಿಲ್ಲಪ್ಪ.”

ಪ್ರಿನ್ಸಿಪಾಲರು ಕಿಟಕಿಯಾಚೆ ನೋಡತೊಡಗಿದರು. ಡಾಕ್ಟರು ಒಮ್ಮೆ ಅವರನ್ನು, ಒಮ್ಮೆ ಇವರನ್ನು ನೋಡುತ್ತಿದ್ದರು. ಬಾಯಿ ಬಿಟ್ಟು ‘ನಂಗೆ ಒಪ್ಪಿಗೆ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಕೋಣೆಯಲ್ಲಿ ಅಂಥ ಮಾತು ಆಡಿ ಯಾರಿಗೂ ರೂಢಿಯಿರಲಿಲ್ಲ. ಅಧ್ಯಕ್ಷರು ಮುಜುಗರ ತಡೆಯಲಾಗದೆ ಕುರ್ಚಿ ಹಿಂದಕ್ಕೆ ಸರಿಸಿದರು.

“ಹಂಗಾದ್ರೆ ಇದನ್ನ ಮುಂದಿನ ಸಭೇಲಿ…”

ನನ್ನ ಪೆನ್ನು ಮೂರನೆಯ ಸಾಲನ್ನು ಹೊಡೆದುಹಾಕಲು ಪುಸ್ತಕದ ಮೇಲೆ ಬಂದಿತ್ತು. ಆಗ ಡಾಕ್ಟರು ಎದ್ದು, ಮೇಜಿನ ಈಚೆಗೆ ಕೈ ಚಾಚಿ, ನನ್ನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡರು. ಒಮ್ಮೆ ಊದಿದರು. ತುಟಿಗೆ ತಾಗಿಸದೆ, ಎತ್ತರದಿಂದ, ಒಂದು ಹನಿಯೂ ಚೆಲ್ಲದಂತೆ ಕುಡಿದು ಲೋಟವನ್ನು ಕುಕ್ಕಿದರು.

“ಬರ್ಕೊಳ್ರೀ ಮೇಷ್ಟ್ರೇ.”

ಬರೆಯುವುದು ಏನೂ ಇರಲಿಲ್ಲ. ಆದರೂ ಅದೇ ಸಾಲಿನ ಮೇಲೆ ಇನ್ನೊಮ್ಮೆ ಪೆನ್ನಾಡಿಸಿದೆ. ಅಧ್ಯಕ್ಷರು ಸಮಾಧಾನವಾಗಿ ತಮ್ಮ ಲೋಟ ಎತ್ತಿದರು. ಲಾಯರೂ ಎತ್ತಿದರು. ನನಗೆ ಕುಡಿಯಲು ಏನೂ ಉಳಿದಿರಲಿಲ್ಲ. ಅಧ್ಯಾಪಕರ ಪ್ರತಿನಿಧಿಯ ಒಪ್ಪಿಗೆ ಅಂದು ದಾಖಲಾಗಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಒಂದನ್ನು ನಾವು ಯೋಚಿಸಿರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಕಾದಿದ್ದವರಿಗೆ ಡಾಕ್ಟರಿಗೆ ಎಳನೀರು ಎಂಬುದು ಮೊದಲೇ ಗೊತ್ತಿತ್ತು. ತಟ್ಟೆ ಹೊರಗೆ ಬಂತು. ಲೋಟಗಳೆಲ್ಲ ಖಾಲಿ, ಎಳನೀರು ಮಾತ್ರ ತುಂಬಿದ ಹಾಗೇ ಇದೆ. ಮೇಡಮ್ ಅದನ್ನು ನೋಡಿ ಲೈಬ್ರರಿಯ ಕಡೆ ಹೋದರಂತೆ.

ನಾನು ಹೊರಗೆ ಬಂದಾಗ ಪಿ.ಟಿ. ಮೇಷ್ಟ್ರ ಮುಖ ಸೋತ ತಂಡದ್ದಾಗಿತ್ತು. “ಏನ್ ಸಾರ್ ನಿಮ್ಮ ಡಾಕ್ಟ್ರು ಹಿಂಗ್ ಮಾಡ್ಬುಟ್ರು!”

“ಆಯ್ತು ಕಣ್ರೀ, ಆಯ್ತು! ನನ್ನ ಕಾಫಿ ಕುಡಿದ್ರು. ಮೇಡಮ್ ಎಲ್ಲಿ?”

ಅವರು ಓಡಿದರು, ಹಿಂದೆ ನಾನು. ಅವರು ಓಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಸಾಮಾನ್ಯವಾಗಿ ಸೀಟಿ ಊದಿ ಬೇರೆಯವರನ್ನು ಓಡಿಸುತ್ತಾರೆ. ಮೇಡಮ್ ಲೈಬ್ರರಿಯ ಬೀಗ ಹಾಕಿ, ಬಾಗಿಲಿಗೆ ಒರಗಿ, ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದರು. ಆ ಕಡೆ ಇನ್ನೂ ಎತ್ತಿರಲಿಲ್ಲ.

“ಇಡಿ ಮೇಡಮ್, ಇಡಿ! ಪಾಸಾಯ್ತು!”

“ಎಳನೀರು ಹಂಗೇ ಬಂತಲ್ಲ?”

“ಕಾಫಿ ಕುಡಿದ್ರಂತೆ! ಸಾರ್‌ದು!”

ಮೇಡಮ್ ಫೋನ್ ಇಳಿಸಿ ನನ್ನ ಕಡೆ ನೋಡಿದರು. “ನಾಲ್ಕು ಜನ ದೊಡ್ಡವ್ರು ಕೂತ್ಕೊಂಡು ಹೂಂ ಅನ್ನಕ್ಕೆ ಇಷ್ಟೊಂದಾ ಸಾರ್?” ಎಂದರು. ಆಮೇಲೆ ಬೀಗ ತೆಗೆದರು. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯರು ಒಳಗೆ ಹೋದರು. ಎಳನೀರನ್ನು ಯಾರು ಕುಡಿದರು ಎಂಬುದಕ್ಕೂ ಜಗಳವಿದೆ. ಅಟೆಂಡರಮ್ಮ ತಾನು ಎನ್ನುತ್ತಾರೆ, ಮೇಡಮ್ ತಾನು ಎನ್ನುತ್ತಾರೆ.

ಅವರಿಬ್ಬರೂ ಈಗಲೂ ಇಲ್ಲೇ ಇದ್ದಾರೆ. ಡಾಕ್ಟರಿಗೆ ಈಗ ಪ್ರತಿ ಸಭೆಯಲ್ಲೂ ಮಜ್ಜಿಗೆ ಬರುತ್ತದೆ, ಮಜ್ಜಿಗೆಯೂ ಒಪ್ಪಿಗೆಯೆಂದೇ ಎಲ್ಲರೂ ಮೌನವಾಗಿ ಒಪ್ಪಿಕೊಂಡಿದ್ದಾರೆ. ನಾನು ಬೈಲಾ ಇನ್ನೂ ಓದಿಲ್ಲ.

ಆದರೆ ಆ ಲೋಟ ಎತ್ತಿದ ಕೈ ನನ್ನನ್ನು ಬಿಡುವುದಿಲ್ಲ. ಅದು ಕಾಫಿ ಬಿಟ್ಟವರ ಕೈಯಂತೆ ಕಾಣಲಿಲ್ಲ. ಕುಣಿಗಲ್‌ನ ಜಗಲಿಯಲ್ಲಿ ಮೂರು ಲೋಟ ಬಂದಿದ್ದರೆ, ಮೂರನೆಯದು ಅವರದ್ದು. ಆಗ ಅವರು ನಿಜವಾಗಿಯೂ ಮೊದಲು ಮೇಡಮ್ ಬೇಡ ಎಂದುಕೊಂಡಿದ್ದವರು. ನಾವು ಮನೆಬಾಗಿಲಿಗೆ ಹೋಗಿ ಕೇಳಿದ ಮೇಲೆ ಮನಸ್ಸು ಬದಲಾಯಿಸಿ, ಹೊಟ್ಟೆಯ ನೆಪ ಹೇಳಿ, ನಮ್ಮ ಮುಖವನ್ನೂ ತಮ್ಮ ಮುಖವನ್ನೂ ಉಳಿಸಿದರು. ಎರಡೇ ಬಂದಿದ್ದರೆ, ಮೈಗೆ ಆಗದ ಕಾಫಿಯನ್ನು ಅವರು ಮೇಡಮ್‌ಗಾಗಿ ಕುಡಿದರು.

ನಡಾವಳಿ ಪುಸ್ತಕ ನೋಡಿದೆ. ಡಾಕ್ಟರು ಬಂದ ಮೊದಲ ಸಭೆಯಲ್ಲಿ, ಮೇಡಮ್‌ರ ವಿಷಯಕ್ಕೂ ಮುಂಚೆ, ಸೈಕಲ್ ಸ್ಟ್ಯಾಂಡಿಗೆ ಶೀಟು ಹಾಕಿಸುವುದೇ ದೊಡ್ಡ ವಿಷಯ, ಅದು ಸರ್ವಾನುಮತದಿಂದ ಅಂಗೀಕಾರವಾಗಿದೆ. ಕೆಳಗೆ ಅವರ ಸಹಿ ಇದೆ. ಅಂದು ಅವರು ಕಾಫಿ ಕುಡಿದಿರಲೇಬೇಕು. ಆದರೆ ಆ ಸಾಲನ್ನು ಮನೆಯಲ್ಲೇ ಮೊದಲೇ ಬರೆದವನು ನಾನು. ಅಂದು ತಟ್ಟೆಯ ಕಡೆ ನೋಡಿದ್ದೆನೋ ಇಲ್ಲವೋ, ಅಧ್ಯಕ್ಷರು ಏನೆಂದು ಎದ್ದರೋ, ನೆನಪಿಲ್ಲ.

ಡಾಕ್ಟರನ್ನೇ ಕೇಳಬಹುದು. ಪ್ರತಿ ಸಭೆಯಲ್ಲೂ ನನ್ನ ಎದುರಿಗೇ ಕೂರುತ್ತಾರೆ. ಕೇಳಿಲ್ಲ. ಹಾಗಾಗಿ ಅವರು ಆ ಎರಡು ಸಭೆಗಳಲ್ಲಿ ಮೇಡಮ್ ಬೇಡ ಎಂದಿದ್ದರೋ, ಬರೀ ಕಾಫಿ ಬೇಡ ಎಂದಿದ್ದರೋ, ನನಗೆ ಗೊತ್ತಿಲ್ಲ.