ಬೋರ್ಡಮ್ಮನ ಬೀದಿ

ಹೊಸ ಕಂಪ್ಯೂಟರ್ ಬಂದ ವಾರದಲ್ಲೇ ಬೋರ್ಡಮ್ಮ ಹಲ್ಲಿನ ಡಾಕ್ಟರ ಗಾಜಿನ ಬಾಗಿಲಿಗೆ ಕ್ಷೌರದಂಗಡಿಯ ಬರಹ ಕಳಿಸಿಬಿಟ್ಟಳು.

ಡಾಕ್ಟರು ತಾವೇ ಬಂದರು. ನಗಬೇಕೋ ಬೈಯಬೇಕೋ ಅವರಿಗೂ ತಿಳಿಯದು. "ಅಲ್ಲಮ್ಮಾ, ನನ್ನ ಫೋನ್ ನಂಬರಿನ ಒಂದು ಅಂಕಿ ಉದುರಿತ್ತು, ಅದೇ ಬರಹ ಇನ್ನೊಂದು ಕತ್ತರಿಸಿ ಕೊಡಿ ಅಂದ್ರೆ 'ಕಟಿಂಗ್, ಶೇವಿಂಗ್' ಅಂತ ಕಳಿಸಿದ್ದೀರಲ್ಲ! ನಮ್ಮ ಹುಡುಗಿ ನೋಡದೆ ಅಂಟಿಸಿದ್ದಾಳೆ. ಬೆಳಿಗ್ಗೆಯಿಂದ ಒಬ್ಬರು ಗಡ್ಡ ಸವರಿಕೊಂಡು ಒಳಗೆ ಕೂತಿದ್ದಾರೆ. ಹಲ್ಲು ತೋರಿಸಿ ಅಂದ್ರೆ ಜಗಳಕ್ಕೇ ಬರ್ತಾರೆ!"

ಬೇರೆ ದಿನವಾಗಿದ್ದರೆ ಬೋರ್ಡಮ್ಮ ಬಿದ್ದು ಬಿದ್ದು ನಗುತ್ತಿದ್ದಳು. ಆ ದಿನ ನಗು ಬರಲಿಲ್ಲ.

ಆ ಬೀದಿಯಲ್ಲಿ ಕಣ್ಣಿಗೆ ಬೀಳುವ ಅಕ್ಷರವೆಲ್ಲ ಅವಳದೇ. ಬೇಕರಿಯ ಗಾಜಿನ ಮೇಲಿನ ದಪ್ಪಕ್ಷರ, ಬ್ಯಾಂಕಿನ 'ತಳ್ಳಿ', 'ಎಳೆಯಿರಿ', ಮೂಲೆಮನೆಯ ಗೇಟಿನ 'ನಾಯಿ ಇದೆ'. ನಾಯಿ ಸತ್ತು ಯಾವ ಕಾಲವಾಯಿತೋ, ಬೋರ್ಡು ಇನ್ನೂ ಬೊಗಳುತ್ತಿದೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕೊಟ್ಟರೆ ಪಕ್ಕದ ಮಷೀನು ತನ್ನ ಪುಟ್ಟ ಬ್ಲೇಡಿನಿಂದ ಸ್ಟಿಕ್ಕರ್ ಹಾಳೆಯನ್ನು ಕತ್ತರಿಸುತ್ತದೆ. ಬೇಡದ ಭಾಗ ಕಿತ್ತು, ಸುತ್ತಿ ಕೊಡುವುದು ಈಗ ಸೊಸೆಯ ಕೆಲಸ. ಗಾಜಿನ ಒಳಗಿನಿಂದ ಅಂಟಿಸುವ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕತ್ತರಿಸಬೇಕು. ಆ ಉಲ್ಟಾ ಅಕ್ಷರ ಓದುವ ಕಣ್ಣು ಸೊಸೆಗೆ ಇನ್ನೂ ಬಂದಿಲ್ಲ, ಪಾಪ. ಹಾಗಾಗಿ ಡಾಕ್ಟರ ಬಾಗಿಲಿನ ಬರಹ ಯಾರ ಕಣ್ಣಿಗೂ ಸಿಗದೆ ಹೊರಟುಹೋಗಿತ್ತು.

ಆದರೆ ಫೈಲು ಆರಿಸಿ, ತೆರೆದೂ ನೋಡದೆ ಮಷೀನಿಗೆ ಕಳಿಸಿದವಳು ಬೋರ್ಡಮ್ಮನೇ. ಅದೇ ಅವಳನ್ನು ಕೊರೆಯುತ್ತಿದ್ದದ್ದು. ಅವಳ ಅಕ್ಕನಿಗೂ ಶುರುವಾದದ್ದು ಹೀಗೇ ಅಲ್ಲವೇ? ಮೊದಲು ಬೀಗದ ಕೈ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು, ಎಲ್ಲರೂ ನಕ್ಕರು. ಆಮೇಲೆ ಗೊತ್ತಿದ್ದ ಬೀದಿಯಲ್ಲೇ ದಾರಿ ತಪ್ಪಿದಳು. ಕೊನೆಗೆ ಹೆತ್ತ ಮಗಳನ್ನೇ "ನೀವು ಯಾರಮ್ಮ?" ಅಂದಳು. ಆಗ ಯಾರೂ ನಗಲಿಲ್ಲ.

ಡಾಕ್ಟರು ಹೋದ ಮೇಲೆ ಬೋರ್ಡಮ್ಮ ಹೊಸ ಕಂಪ್ಯೂಟರಿನ ತೆರೆಯ ಮುಂದೆ ಕೂತಳು. ತಲೆ ಬುಡ ಅರ್ಥವಾಗಲಿಲ್ಲ. ಬೇಕರಿ ಅಂದುಕೊಂಡು ಒತ್ತಿದರೆ 'ನಾಯಿ ಇದೆ' ಬರುತ್ತದೆ, ಬ್ಯಾಂಕು ಅಂದುಕೊಂಡರೆ ಹೊಲಿಗೆಯವಳ 'ಇಂದು ರಜೆ' ಬರುತ್ತದೆ. ತನ್ನ ಕೈಯಿಂದಲೇ ಮಾಡಿದ ಕೆಲಸ ತನಗೇ ಸಿಗುತ್ತಿಲ್ಲ ಅಂದರೆ ಏನರ್ಥ?

"ಅತ್ತೆ, ಊಟಕ್ಕೆ ಬನ್ನಿ" ಅಂತ ಸೊಸೆ ಕರೆದಳು.

"ನಂಗೂ ಬಂತು ಕಣಮ್ಮ, ಅಕ್ಕನ ಕಾಯಿಲೆ" ಅಂದಳು ಬೋರ್ಡಮ್ಮ. ಹೇಳಿದ್ದೇ ತಡ, ಅಳು ಕಿತ್ತುಕೊಂಡು ಬಂತು.

ಸೊಸೆ ಬೆಚ್ಚಿಬಿದ್ದು ಪಕ್ಕದಲ್ಲೇ ಕೂತಳು. "ಏನತ್ತೆ ಇದು? ಯಾಕಿಂಥ ಮಾತು? ಮೊದಲು ಹೇಗೆ ಹುಡುಕ್ತಿದ್ರಿ, ಹೇಳಿ. ಹೆಸರು ನೋಡಿಯಾ?"

ಹೆಸರಂತೆ ಹೆಸರು! ಬೋರ್ಡಮ್ಮನ ಫೈಲುಗಳ ಹೆಸರು ಕೇಳಿದರೆ ಯಾರಿಗಾದರೂ ತಲೆ ಚಿಟ್ಟು ಹಿಡಿಯಬೇಕು. 'ಹೊಸದು', 'ಹೊಸದು ಎರಡು', 'ಇದೇ ಸರಿ', 'ಇದೂ ಅಲ್ಲ', 'ಕಡೇದು', 'ಕಡೇದಕ್ಕಿಂತ ಕಡೇದು'. ಅವಳಿಗೆ ಹೆಸರು ಬೇಕಾಗಿರಲೇ ಇಲ್ಲ. ಹಳೇ ಕಂಪ್ಯೂಟರಿನ ತೆರೆಯ ಮೇಲೆ ಬೀದಿಯನ್ನೇ ಹರಡಿಕೊಂಡಿದ್ದಳು. ಎಡಗಡೆ ಮೇಲ್ತುದಿಯಲ್ಲಿ ಬೇಕರಿ, ಯಾಕೆಂದರೆ ಬೀದಿ ಶುರುವಾಗುವುದು ಅಲ್ಲಿಂದ. ಅದರ ಪಕ್ಕ ಛತ್ರಿ ರಿಪೇರಿಯವನು, ಆಮೇಲೆ ಕ್ಷೌರದಂಗಡಿ. ಕೆಳಗಡೆ ಸಾಲು ಅಂದರೆ ಎದುರುಗಡೆ ಸಾಲು. ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಅವರ ಅಂಗಡಿ ಇದ್ದ ಜಾಗಕ್ಕೆ ಕೈ ತಾನಾಗಿ ಹೋಗುತ್ತಿತ್ತು.

ಕೇಳುತ್ತ ಕೇಳುತ್ತ ಸೊಸೆಯ ಮುಖ ಇಷ್ಟೇ ಇಷ್ಟಾಯಿತು. "ಅಯ್ಯೋ ಅತ್ತೆ! ನಾನೇ ಕೆಡಿಸಿದ್ದು. ಎಲ್ಲಾ ಫೈಲು ಹೊಸದಕ್ಕೆ ತಂದೆ, ಒಂದೂ ಬಿಟ್ಟಿಲ್ಲ. ಆದ್ರೆ ಇದು ಹೆಸರಿನ ಪ್ರಕಾರ ತಾನೇ ಸಾಲು ನಿಲ್ಲಿಸಿಬಿಟ್ಟಿದೆ. ಜಾಗ ಯಾವುದೂ ಉಳಿದಿಲ್ಲ. ನೀವು ಏನೂ ಮರೆತಿಲ್ಲ."

"ಸಮಾಧಾನಕ್ಕೆ ಹೇಳಬೇಡ."

"ಹಾಗಾದ್ರೆ ಮತ್ತೆ ಜೋಡಿಸಿ ನೋಡೋಣ, ಬನ್ನಿ."

ಹಳೇದನ್ನು ತೆರೆದು ನೋಡೋಣವೆಂದರೆ ಅದನ್ನು ಆಗಲೇ ಗುಜರಿಯವನು ಹೊತ್ತುಕೊಂಡು ಹೋಗಿದ್ದ. ಇನ್ನು ಉಳಿದದ್ದು ಬೋರ್ಡಮ್ಮನ ತಲೆ ಒಂದೇ. ಅದನ್ನೇ ಅವಳು ನಂಬುವಂತಿರಲಿಲ್ಲ.

ಮೊದಮೊದಲು ಆ ದರಿದ್ರ ಯಂತ್ರ ಮಾತು ಕೇಳಲಿಲ್ಲ. ಬೇಕರಿಯನ್ನು ಎಳೆದು ತುದಿಗೆ ಬಿಟ್ಟರೆ ಮತ್ತೆ ಓಡಿಹೋಗಿ ಸಾಲಿನಲ್ಲಿ ನಿಲ್ಲುತ್ತಿತ್ತು. ಸೊಸೆ ಏನೋ ಒತ್ತಿ ಆ ಚಾಳಿ ಬಿಡಿಸಿದಳು. ಆಮೇಲೆ ಒಂದೊಂದೇ ಫೈಲು ತೆರೆದು, ಯಾರದೆಂದು ನೋಡಿ, ಬೋರ್ಡಮ್ಮ ಇಡುತ್ತ ಬಂದಳು. "ಬ್ಯಾಂಕು ಇಲ್ಲಿ. ಹೊಲಿಗೆಯವಳು ಅದರ ಎದುರಿಗೆ. ಅಲ್ಲಲ್ಲ, ಸ್ವಲ್ಪ ಆಚೆ. ನೇರ ಎದುರಿಗೆ ಪೈಪಿನಂಗಡಿ ಇದೆಯಲ್ಲ." ಕೆಳಗಿನ ಸಾಲು ಮುಗಿಯುವ ಹೊತ್ತಿಗೆ ಬಾಯಿ ಜೋರಾಯಿತು. ಪೈಪಿನಂಗಡಿಯವನ ಜಿಪುಣತನವನ್ನೂ ಅಲ್ಲೇ ಝಾಡಿಸಿದಳು.

ಫೈಲುಗಳೆಲ್ಲ ಮುಗಿದವು. ಮೇಲಿನ ಸಾಲಿನಲ್ಲಿ, ಕ್ಷೌರದಂಗಡಿಗೂ ಗಡಿಯಾರದವನಿಗೂ ಮಧ್ಯೆ ಒಂದು ಜಾಗ ಖಾಲಿ ಉಳಿಯಿತು.

ಬೋರ್ಡಮ್ಮ ಆ ಜಾಗಕ್ಕೆ ಬೆರಳಿಟ್ಟಳು. "ಇಲ್ಲಿ ಯಾರೋ ಇದ್ದಾರೆ."

"ಎರಡನ್ನೂ ಹತ್ತಿರ ಮಾಡಿಬಿಡಿ ಅತ್ತೆ."

"ಇಲ್ಲ ಕಣೇ, ಇಲ್ಲಿ ಅಂಗಡಿ ಇದೆ! ಗಡಿಯಾರದವನು ಅಷ್ಟು ಹತ್ತಿರ ಇಲ್ಲ, ನಂಗೊತ್ತು. ಯಾರದು ಅಂತ ಮಾತ್ರ ಹೊಳೀತಾ ಇಲ್ಲ." ಕಣ್ಣು ಮುಚ್ಚಿ ನೋಡಿದಳು, ತೆರೆದು ನೋಡಿದಳು. ಒಂದು ಇಡೀ ಅಂಗಡಿ, ಅದರೊಳಗಿನ ಮನುಷ್ಯರ ಸಮೇತ, ತಲೆಯಿಂದ ಜಾರಿಹೋಗಿದೆ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಇನ್ನು ತಡೆಯಲಾರದೆ ಎದ್ದಳು, ಚಪ್ಪಲಿ ಮೆಟ್ಟಿದಳು, ಬೀದಿಗಿಳಿದಳು.

ಬೇಕರಿಯಿಂದ ಶುರುಮಾಡಿದಳು. ಬೇಕರಿ, ಸರಿ. ಛತ್ರಿಯವನು, ಸರಿ. ಅವನು ಏನೋ ಕೇಳಿದ, ಇವಳು ತಿರುಗಿಯೂ ನೋಡಲಿಲ್ಲ. ಕ್ಷೌರದಂಗಡಿ. ಇನ್ನು ಮುಂದಿನದು. ತಲೆ ಎತ್ತಲು ಭಯವಾಯಿತು. ಎತ್ತಿದಳು.

ಒಂದಕ್ಷರವೂ ಇಲ್ಲದ ಬೋಳು ಗಾಜಿನ ಬಾಗಿಲು. ಅದರ ಮೆಟ್ಟಿಲ ಮೇಲೆ ಸೊಸೆ ಕಂಗಾಲಾಗಿ ನಿಂತಿದ್ದಳು. "ಸಿಕ್ತಾ ಅತ್ತೆ?"

ಬೋರ್ಡಮ್ಮ ಬಾಗಿಲನ್ನು ನೋಡಿದಳು, ಆಚೆ ಗಡಿಯಾರದವನನ್ನು ನೋಡಿದಳು, ಮತ್ತೆ ಬಾಗಿಲನ್ನು ನೋಡಿದಳು. "ಇದು ನಮ್ಮದೇ ಅಲ್ವೇನೇ!"

ಊರಿಗೆಲ್ಲ ಬೋರ್ಡು ಬರೆದವಳು ತನಗೊಂದು ಬರೆದುಕೊಂಡಿರಲೇ ಇಲ್ಲ. ಮರೆಯಲು ಅಲ್ಲಿ ಫೈಲು ಇದ್ದರೆ ತಾನೇ? ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಷೌರದವನು ಕತ್ತರಿ ಹಿಡಿದೇ ಹೊರಗೆ ಬಂದು ಇಣುಕಿದ.

ಸಂಜೆ ಡಾಕ್ಟರ ಬಾಗಿಲಿನ ಬರಹವನ್ನು ಸರಿಯಾಗಿ ಕತ್ತರಿಸಿ ಕಳಿಸಿದ ಮೇಲೆ, ಬೋರ್ಡಮ್ಮ ಹೊಸ ಕಂಪ್ಯೂಟರಿನಲ್ಲಿ ಮೊದಲ ಸಲ ಒಂದು ಬಿಳೀ ಹಾಳೆ ತೆರೆದಳು. ದೊಡ್ಡಕ್ಷರದಲ್ಲಿ 'ಬೋರ್ಡಮ್ಮ' ಎಂದು ಬರೆದಳು.

"ಈ ಸಲವಾದ್ರೂ ಫೈಲಿಗೆ ಒಂದು ನೆಟ್ಟಗಿನ ಹೆಸರು ಕೊಡಿ ಅತ್ತೆ" ಅಂದಳು ಸೊಸೆ.

ಬೋರ್ಡಮ್ಮ ಯೋಚಿಸಿದಳು. ಆಮೇಲೆ 'ನಾನು' ಅಂತ ಒತ್ತಿ, ಎಳೆದುಕೊಂಡು ಹೋಗಿ ಆ ಖಾಲಿ ಜಾಗದಲ್ಲಿ ಬಿಟ್ಟಳು.