ನಂಬರ ಬಿಟ್ಟಾನ

ನನ್ನ ತಂಗಿಯ ಮೇಲೆ ಬಂದ ಮಾತು ನಾನು ಹುಟ್ಟಿಸಿದ್ದು ಎಂದು ಹೇಳಬೇಕಾದ ದಿನ ನಾನು ಬಾಯಿ ಬಿಡಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ಆ ಮಾತಿನ ಹುಟ್ಟನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮ ಉಗಾರ ಬುದ್ರುಕದ ಕಬ್ಬು ಎತ್ತಿನ ಗಾಡಿಯಲ್ಲೇ ಕಾರ್ಖಾನೆಗೆ ಹೋಗುತ್ತಿತ್ತು. ಗೇಟಿನ ಮುಂದೆ ಗಾಡಿಗಳನ್ನು ಸಾಲಾಗಿ ನಿಲ್ಲಿಸುವುದಕ್ಕೆ ನಂಬರ ಹಚ್ಚುವುದು ಅನ್ನುತ್ತಿದ್ದೆವು. ನಿಂತಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಹಾಗಾಗಿ ತನ್ನ ನಂಬರವನ್ನು ಯಾರೂ ಯಾರಿಗೂ ಬಿಡುವವರಲ್ಲ. ಅಣ್ಣತಮ್ಮಂದಿರೇ ಬಡಿದಾಡಿದ್ದನ್ನು ಕಂಡಿದ್ದೇನೆ.

ಅಂಥದರಲ್ಲಿ ಒಬ್ಬ ಬಿಟ್ಟ. ರಾಯಬಾಗ ಕಡೆಯವನು, ನಮ್ಮ ಮಂದಿಯೇ. ಸಾಲಿನಲ್ಲಿ ನಮಗಿಂತ ಬಹಳ ಮುಂದಿದ್ದವನು ಗಾಡಿಯನ್ನು ಬದಿಗೆಳೆದು, ಎಲ್ಲರನ್ನೂ ಮುಂದೆ ಕಳಿಸಿ, ನನ್ನ ಗಾಡಿಯ ಹಿಂದೆ ಬಂದು ಸೇರಿಕೊಂಡ.

"ಯಾಕೋ, ಎತ್ತಿಗೇನ ಆಗೇತಿ?"

"ಏನಿಲ್ಲೋ ಮಾರಾಯಾ, ಬಿಸಲ ಹತ್ತೇತಿ."

ಅವನ ಕಣ್ಣು ಮಾತ್ರ ಹುಡುಗಿಯರು ಬುತ್ತಿ ತರುವ ದಾರಿಯ ಮೇಲಿತ್ತು.

"ಎತ್ತಿಗಲ್ಲಲೇ, ನಿನಗ ಹತ್ತೇತಿ! ನೋಡ್ರಿಲೇ, ಮಗಾ ನಂಬರ ಬಿಟ್ಟಾನ!" ಎಂದು ಕೂಗಿದೆ. ಸಾಲಿಗೆ ಸಾಲೇ ನಕ್ಕಿತು. ಅವನು ಕಾಯುತ್ತಿದ್ದದ್ದು ನನಗೇ ಬುತ್ತಿ ತರುತ್ತಿದ್ದ ತಂಗಿಯನ್ನು ಎಂದು ಆಗ ತಿಳಿದಿರಲಿಲ್ಲ.

ಅಲ್ಲಿಯವರೆಗೆ ಹುಡುಗ ಹುಡುಗಿಯ ವಿಷಯಕ್ಕೆ ನಮ್ಮಲ್ಲಿದ್ದ ಮಾತುಗಳು ಭಾನಗಡಿ, ಲಫಡಾ. ಎರಡರಲ್ಲೂ ಜಗಳದ ವಾಸನೆ. ನನ್ನ ಮಾತು ಹಾಗಿರಲಿಲ್ಲ, ಒಬ್ಬರಿಗಾಗಿ ತನ್ನ ಸರದಿ ಬಿಟ್ಟವನು ಎಂದಷ್ಟೇ. ಗಾಡಿಯವರ ಬಾಯಿಂದ ಅದು ಕಾಗವಾಡ, ಅಥಣಿ, ನಿಪ್ಪಾಣಿಯ ತಂಬಾಕು ತುಂಬಿಡುವ ವಖಾರಿಗಳವರೆಗೆ ಹೋಯಿತು. ನಾನು ಉಬ್ಬಿಹೋದೆ. ಆದರೆ ಮರುವರ್ಷದ ಹೊತ್ತಿಗೆ ಮಾತು ಹುಡುಗನನ್ನು ಬಿಟ್ಟು ಹುಡುಗಿಗೆ ಅಂಟಿತ್ತು. "ಆಕಿಗೆ ಎಷ್ಟ ಮಂದಿ ನಂಬರ ಬಿಟ್ಟಾರೋ!" ಎಂದು ಹೊಲಸಾಗಿ ನಗುತ್ತಿದ್ದರು.

ಅಥಣಿಯಿಂದ ತಂಗಿಯನ್ನು ನೋಡಲು ಬಂದ ಹಿರಿಯರೊಬ್ಬರು ಪಡಸಾಲೆಯಲ್ಲೇ ಕೇಳಿದರು: "ನಿಮ್ಮ ಹುಡಗಿಗೆ ಯಾರೋ ನಂಬರ ಬಿಟ್ಟಾರಂತಲ್ರಿ?"

ಅಪ್ಪ ನನ್ನ ಕಡೆ ತಿರುಗಿದ. "ಹಂಗಂದ್ರೇನೋ?"

ತಂಗಿಯ ಮಾನ ನನ್ನ ಬಾಯಲ್ಲಿತ್ತು. ನಾನು ಎಲೆ ಅಡಿಕೆಯ ತಟ್ಟೆ ನೋಡುತ್ತ, "ಗೊತ್ತಿಲ್ಲಪ್ಪಾ" ಎಂದೆ.

ಒಳಗಿನಿಂದ ತಂಗಿಯೇ ಬಂದಳು. "ನಾ ಹೇಳ್ತೇನಪ್ಪಾ. ಕಬ್ಬ ಒಣಗಿದ್ರ ಒಣಗಲಿ ಅಂತ ಒಬ್ಬಾಂವ ನನ್ನ ಸಲುವಾಗಿ ಹಿಂದ ಉಳದಾನ. ಅಂವಗ ಒಮ್ಮಿ ಕುಡ್ಯಾಕ ನೀರ ಕೊಟ್ಟೇನಿ, ಅಷ್ಟ. ಮಾಡ್ಕೊಂಡ್ರ ಅಂವನ್ನ ಮಾಡ್ಕೊಳ್ಳಾಕಿ."

ಬಂದವರು ಎದ್ದು ಹೋದರು. ಕೆಲವು ತಿಂಗಳ ಮೇಲೆ ಅಪ್ಪನೇ ರಾಯಬಾಗಕ್ಕೆ ಹೋಗಿ ಸೋಯರಿಕೆ ಕೇಳಿ, ಆ ಹುಡುಗನಿಗೇ ಅವಳನ್ನು ಕೊಟ್ಟು ಮದುವೆ ಮಾಡಿದ. ನಮ್ಮ ಓಣಿಯಲ್ಲಿ ಹಾಗೆ ನಿಂತು ಮಾತಾಡಿದ ಹುಡುಗಿ ಅವಳೊಬ್ಬಳೇ. ಇಂಥವಳ ಅಣ್ಣ ನಾನು ಎಂದು ಇಂದಿಗೂ ಎದೆ ಉಬ್ಬುತ್ತದೆ.

ಆಮೇಲೆ ಊರೂರಿಗೆ ಟೆಲಿಫೋನ್ ಬೂತುಗಳು ಬಂದವು. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹುಡುಗರ ಬಾಯಲ್ಲಿ ನಂಬರ ಬಿಡುವುದೆಂದರೆ ಫೋನ್ ನಂಬರ ಕೊಡುವುದು ಎಂದಾಯಿತು. ತಂಗಿಯ ಮಗಳೂ ಒಮ್ಮೆ ನಮ್ಮ ಮನೆಗೆ ಬಂದಾಗ ಹಾಗೇ ಹೇಳಿದಳು: "ಅದು ಫೋನ್ ಬಂದಮ್ಯಾಲ ಹುಟ್ಟಿದ ಮಾತ, ಹೌದಲ್ಲ ಮಾಮಾ?"

ತಂಗಿ ನಕ್ಕಳು. "ಹುಚ್ಚಿ, ಅದು ನಿಮ್ಮಪ್ಪನ ಗಾಡಿಯಿಂದ ಹುಟ್ಟಿದ್ದು. ಸಾಲಿನ್ಯಾಗ ಯಾರ ಕೂಗಿದ್ರೋ, ಎಷ್ಟ ಕೇಳಿದ್ರೂ ನಿಮ್ಮಪ್ಪ ಇವತ್ತಿಗೂ ಹೇಳಿಲ್ಲ."

ನಾನು ಚಹಾದ ಕಪ್ಪು ಕೆಳಗಿಟ್ಟು ತಂಗಿಯ ಕಡೆ ತಿರುಗಿದೆ.

"ನಾನ ಕೂಗಿದ್ದವಾ. ಅವತ್ತ ಅಪ್ಪ ಕೇಳಿದಾಗ ಗೊತ್ತಿದ್ದೂ ಸುಮ್ಮ ಕುಂತೆ, ನಿನ್ನ ಒಬ್ಬಾಕಿನ್ನ ನಿಲ್ಲಿಸಿದೆ. ತಪ್ಪಾತವಾ ತಂಗಿ."