ಗುರುವಾರದ ಸಕ್ಕರೆ

ಹಾಜರಾಬಿ, ಅವತ್ತು ನೀನು ಸಕ್ಕರೆಯನ್ನು ಯಾಕೆ ಬಾಯಿಗೆ ಹಾಕಿಕೊಳ್ಳಲಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದೆ.

ಎಪ್ಪತ್ತೊಂದರ ಡಿಸೆಂಬರ್. ಢಾಕಾ ಬಿತ್ತು, ಪಾಕಿಸ್ತಾನ ಎರಡು ಹೋಳಾಯಿತು ಎಂದು ರೇಡಿಯೋ ಹೇಳಿದ ಸಂಜೆ, ನವಲಗುಂದದ ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದವಳು ನಾನೇ. ಯುದ್ಧವನ್ನು ನಾನೇ ಗೆದ್ದ ಹಾಗೆ ಸೆರಗು ಸಿಗಿಸಿಕೊಂಡು ಹೊರಟಿದ್ದೆ. ನೀನು ಜಮಖಾನದ ಮಗ್ಗ ಬಿಟ್ಟು ಎದ್ದು ಬಂದು ಕೈಯೊಡ್ಡಿದೆ. ಆಮೇಲೆ ಮುಷ್ಟಿ ಮುಚ್ಚಿ ನಿಂತೆ. ನಿನ್ನ ಕಣ್ಣಲ್ಲಿ ನೀರಿತ್ತು.

ರೈಲ್ವೆ ನೌಕರಿಯ ಗಂಡನ ಹಿಂದೆ ಢಾಕಾಕ್ಕೆ ಹೋದ ನಿನ್ನ ತಂಗಿಯಿಂದ ಮಾರ್ಚಿನಿಂದ ಕಾಗದವಿರಲಿಲ್ಲ. ಬಂಗಾಳಿಗಳ ಸಿಟ್ಟಿನ ನಡುವೆ ಉರ್ದು ಆಡುವವರ ಗತಿ ಅಲ್ಲಿ ಏನಾಗುವುದೋ— ಸುದ್ದಿ ಬರುವ ತನಕ ಪ್ರತಿ ಗುರುವಾರ ರೋಜಾ ಉಪವಾಸ ಹಿಡಿಯುತ್ತೇನೆ ಎಂದು ನೀನು ಹಿತ್ತಲ ಗೋಡೆಯ ಮೇಲಿಂದ ನನ್ನೊಬ್ಬಳಿಗೇ ಹೇಳಿದ್ದೆ. ಸಕ್ಕರೆ ಹಂಚಿದ ಆ ದಿನ ಗುರುವಾರ. ಹೊತ್ತಿನ್ನೂ ಮುಳುಗಿರಲಿಲ್ಲ. ಸೋಮವಾರ ಹೊತ್ತು ಮುಳುಗುವ ತನಕ ನೀರೂ ಮುಟ್ಟದ ನನಗೆ ಇದು ತಿಳಿಯದ್ದೇ—

ಗೌಡರ ಮನೆಯ ಹಿರಿಯಾಕೆ ಎಲ್ಲರೆದುರು ನನ್ನನ್ನು ಕೇಳಿದರು. "ಈಕಿ ಯಾಕ ಸಕ್ಕರಿ ತಿನ್ನವಲ್ಲಳು? ನಾವು ಗೆದ್ದದ್ದಕ್ಕ ಅಳಾಕತ್ತಾಳೇನು?"

ನೀನು ನನ್ನ ಮುಖ ನೋಡಿದೆ. ಢಾಕಾದ ತಂಗಿಯ ಹೆಸರನ್ನು ಆ ಗುಂಪಿನಲ್ಲಿ ನೀನಾಗಿ ಎತ್ತುವ ಹಾಗಿರಲಿಲ್ಲ. ನಾನು ಹೇಳಿದ್ದರೆ ನಂಬುತ್ತಿದ್ದರು.

"ನನಗೇನು ಗೊತ್ತರಿ," ಅಂದೆ. "ಅವರ ಮನಸ್ಸಿನ್ಯಾಗ ಏನೈತೋ."

ಅಂಜಿಕೆಯಿಂದ ಹಾಗಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಅಲ್ಲ. ಹಿಂದಿನ ವರ್ಷ ಜಮಖಾನ ನೇಯುವುದನ್ನು ಕಲಿಸು ಅಂತ ನಾನು ಕೇಳಿದಾಗ, ಹೆತ್ತ ಮಗಳಿಗೂ ಕಲಿಸುವುದಿಲ್ಲ, ಸೊಸೆಗೆ ಮಾತ್ರ ಎಂದು ನೀನು ನಕ್ಕಿದ್ದೆ. ಅದು ನಿಮ್ಮ ಮನೆತನಗಳ ಪದ್ಧತಿ, ಊರಿಗೆಲ್ಲ ಗೊತ್ತು. ಆದರೂ ಆ ನಗು ನನ್ನೊಳಗೆ ಚುಚ್ಚಿಕೊಂಡೇ ಇತ್ತು. ದೇಶ, ದೇಶ ಎನ್ನುತ್ತಾ ನಾನು ತೀರಿಸಿಕೊಂಡದ್ದು ಆ ಸೇಡು— ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಓಣಿಯ ಮದುವೆಗಳಿಗೆ ನಿನ್ನ ಜಮಖಾನ ಬೇಡವಾಯಿತು. ಯುಗಾದಿಯ ಹೊತ್ತಿಗೆ ನೀನು ಮಗ್ಗ ಬಿಚ್ಚಿ ಚಕ್ಕಡಿಗೆ ಹೇರಿಸಿ, ಹುಬ್ಬಳ್ಳಿಯ ಅಣ್ಣನ ಮನೆಗೆ ಹೋದೆ.

ಇನ್ನೊಂದು ಮಾತಿದೆ. ಇದು ನಿನಗೂ ಗೊತ್ತಿಲ್ಲ. ಅವತ್ತು ಮಸೀದಿಯ ಬಾಂಗು ಕೇಳಿದ ಮೇಲೆ ನೀನು ಹಿತ್ತಲಿಗೆ ಬಂದು, ಮುಷ್ಟಿ ಬಿಚ್ಚಿ, ಅಂಗೈಗೆ ಅಂಟಿದ್ದ ಅದೇ ಸಕ್ಕರೆಯನ್ನು ನೆಕ್ಕಿ ರೋಜಾ ಬಿಟ್ಟೆ. ನಾನು ಗೋಡೆಯ ಈಚೆ ನಿಂತು ನೋಡಿದೆ. ಓಣಿಯ ಜನ ಇನ್ನೂ ನಮ್ಮ ಕಟ್ಟೆಯ ಮೇಲೆ ಕೂತು ನಿನ್ನ ಮಾತೇ ಆಡುತ್ತಿದ್ದರು. ನಾನು ಹೊರಗೆ ಹೋಗಿ, ತಟ್ಟೆಯಲ್ಲಿ ಉಳಿದಿದ್ದ ಸಕ್ಕರೆಯನ್ನು ಅವರಿಗೆ ಹಂಚಿದೆ.